ಚಿತ್ರವೇ ಇಲ್ಲದವರಿಗೆ ಎಐ ಏನು ಹೇಳೀತು?

ಅಮೆರಿಕದ ಎಂಐಟಿಯಲ್ಲಿ ಕಂಪ್ಯೂಟರ್ ವಿಜ್ಞಾನ ಕಲಿಸುವ ರೆಜಿನಾ ಬಾರ್ಜಿಲೆ ಅವರಿಗೆ 2014ರಲ್ಲಿ ಸ್ತನ ಕ್ಯಾನ್ಸರ್ ಇರುವುದು ಗೊತ್ತಾಯಿತು. ಚಿಕಿತ್ಸೆಯ ನಂತರ ಅವರು ಕೈಗೆತ್ತಿಕೊಂಡ ಸಂಶೋಧನೆಯಿಂದ ‘ಮಿರಾಯ್’ ಎಂಬ ಎಐ ಮಾದರಿ ಬಂತು. ಮ್ಯಾಮೊಗ್ರಾಮ್‌ನಲ್ಲಿ ಈಗ ಗಡ್ಡೆ ಇದೆಯೇ ಎಂದಷ್ಟೇ ನೋಡುವ ಮಾದರಿಯಲ್ಲ ಇದು. ಮುಂದಿನ ಐದು ವರ್ಷಗಳಲ್ಲಿ ಕ್ಯಾನ್ಸರ್ ಬರುವ ಸಾಧ್ಯತೆ ಎಷ್ಟು ಎಂದು ಲೆಕ್ಕ ಹಾಕುತ್ತದೆ. ವಯಸ್ಸು, ಕುಟುಂಬದಲ್ಲಿ ಯಾರಿಗಾದರೂ ಇತ್ತೇ ಎಂಬಂಥ ಪ್ರಶ್ನೆಗಳನ್ನು ನಂಬಿದ ಹಳೆಯ ಲೆಕ್ಕಾಚಾರಕ್ಕಿಂತ ಇದರ ಅಂದಾಜು ಉತ್ತಮ ಎಂದು 2021ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಪರೀಕ್ಷೆ ನಡೆದದ್ದು ಅಮೆರಿಕ, ಸ್ವೀಡನ್ ಮತ್ತು ತೈವಾನ್‌ಗಳಲ್ಲಿ. ಇದೇ ಬಗೆಯ ಮತ್ತೊಂದು ತಂತ್ರಾಂಶಕ್ಕೆ ಅಮೆರಿಕದ ಎಫ್‌ಡಿಎ 2025ರಲ್ಲಿ ಅನುಮತಿಯನ್ನೂ ಕೊಟ್ಟಿತು.

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಮಿನಿ ಪ್ರಾಜೆಕ್ಟ್ ಕೂಡ ಮ್ಯಾಮೊಗ್ರಾಮ್ ಮೇಲೆಯೇ ಇತ್ತು. ಎಲ್ಲರಂತೆ ನಾವೂ ಡಿಡಿಎಸ್‌ಎಂ ಎಂಬ ಉಚಿತ ಡೇಟಾಸೆಟ್ ಇಳಿಸಿಕೊಂಡೆವು. ಅದು ಅಮೆರಿಕದ ಆಸ್ಪತ್ರೆಗಳ ಹಳೆಯ ಫಿಲ್ಮ್‌ಗಳನ್ನು ಸ್ಕ್ಯಾನ್ ಮಾಡಿದ ಸಂಗ್ರಹ. ಅಕ್ಯುರಸಿ ಚೆನ್ನಾಗಿ ಬಂತು, ಮಾರ್ಕ್ಸೂ ಬಂತು. ಊರಿಗೆ ಹೋದಾಗ ಅಮ್ಮನಿಗೆ ಜಂಬದಿಂದ ಹೇಳಿದೆ. ‘ಮ್ಯಾಮೊಗ್ರಾಮ್ ಅಂದ್ರೆ ಹೊಟ್ಟೆ ಸ್ಕ್ಯಾನಿಂಗಾ?’ ಅಂದರು. ಅಮ್ಮನಿಗೆ 46 ವರ್ಷ. ಚಿಕ್ಕಮ್ಮನನ್ನು ಕೇಳಿದೆ, ಪಕ್ಕದ ಮನೆಯವರನ್ನೂ ಕೇಳಿದೆ. ಒಬ್ಬರೂ ಮಾಡಿಸಿರಲಿಲ್ಲ.

ಸ್ವೀಡನ್‌ನಲ್ಲಿ ಮಹಿಳೆಯರನ್ನು ನಿಯಮಿತವಾಗಿ ಮ್ಯಾಮೊಗ್ರಾಮ್‌ಗೆ ಕರೆಯುತ್ತಾರೆ; ಚಿತ್ರಗಳ ರಾಶಿ ಇದೆ, ಎಐಗೆ ಕೆಲಸವಿದೆ. ನಮ್ಮಲ್ಲಿ ಅಂಥ ರಾಷ್ಟ್ರವ್ಯಾಪಿ ವ್ಯವಸ್ಥೆಯೇ ಇಲ್ಲ. ಜತೆಗೆ ಭಾರತದಲ್ಲಿ ಈ ಕಾಯಿಲೆ ಪಾಶ್ಚಾತ್ಯರಿಗಿಂತ ಸರಾಸರಿ ಹತ್ತು ವರ್ಷ ಮೊದಲೇ ಕಾಣಿಸಿಕೊಳ್ಳುತ್ತದೆ. ಚಿಕ್ಕ ವಯಸ್ಸಿನಲ್ಲಿ ಸ್ತನದ ಅಂಗಾಂಶ ದಟ್ಟವಾಗಿರುವುದರಿಂದ ಮ್ಯಾಮೊಗ್ರಾಮ್‌ನಲ್ಲಿ ಗಡ್ಡೆ ಮರೆಯಾಗಿಬಿಡಬಹುದು. ಅಲ್ಲಿ ಗೆದ್ದ ಮಾದರಿ ಇಲ್ಲೂ ಗೆಲ್ಲುತ್ತದೆ ಎಂದು ನಮ್ಮವರ ಚಿತ್ರಗಳ ಮೇಲೆ ಪರೀಕ್ಷಿಸದೆ ನಾನಂತೂ ಒಪ್ಪಲಾರೆ.

ಹಾಗಾದರೆ ನಮಗೇನಿದೆ? ಸರ್ಕಾರದ ಕಾರ್ಯಕ್ರಮದಲ್ಲಿ 30 ದಾಟಿದ ಮಹಿಳೆಯರಿಗೆ ಕೈಯಿಂದಲೇ ಮಾಡುವ ಸ್ತನ ತಪಾಸಣೆ ಇದೆ. ಇದನ್ನು ಹಳೇ ಕಾಲದ್ದೆಂದು ತಳ್ಳಿಹಾಕುವಂತಿಲ್ಲ. ಟಾಟಾ ಮೆಮೊರಿಯಲ್ ಆಸ್ಪತ್ರೆಯವರು ಮುಂಬೈಯಲ್ಲಿ ಸುಮಾರು ಒಂದೂವರೆ ಲಕ್ಷ ಮಹಿಳೆಯರನ್ನು 20 ವರ್ಷ ಗಮನಿಸಿದರು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಪರೀಕ್ಷಿಸಿದ ಗುಂಪಿನಲ್ಲಿ, 50 ದಾಟಿದವರ ಸ್ತನ ಕ್ಯಾನ್ಸರ್ ಸಾವು ಶೇ 30ರಷ್ಟು ಕಡಿಮೆಯಾಗಿತ್ತು. ಅದಕ್ಕಿಂತ ಚಿಕ್ಕವರಲ್ಲಿ ಅಂಥ ಇಳಿಕೆ ಕಾಣಲಿಲ್ಲ, ಆದರೂ ಗಡ್ಡೆಗಳು ಬೇಗ ಪತ್ತೆಯಾದವು.

ಇದನ್ನೆಲ್ಲ ಹೇಳಿ ಅಮ್ಮನನ್ನು ಆರೋಗ್ಯ ಕೇಂದ್ರಕ್ಕೆ ಹೊರಡಿಸಲು ಎರಡು ದಿನ ಬೇಕಾಯಿತು. ಅವರು ಕೇಳಿದ್ದು ಒಂದೇ ಪ್ರಶ್ನೆ: ‘ನೋಡೋರು ಹೆಂಗಸರೇ ತಾನೆ?’