ಕೈ ಬಿಟ್ಟ ಮೇಲೆ ಕಂಡ ನಡೆ

ಚದುರಂಗದ ಮಣೆಯ ಮುಂದೆ ಕುಳಿತವನಿಗಿಂತ ಅವನ ಬೆನ್ನ ಹಿಂದೆ ನಿಂತವನಿಗೇ ಹೆಚ್ಚು ಕಾಣುತ್ತದೆ. ಹೋದ ರವಿವಾರ ನನ್ನ ಬೆನ್ನ ಹಿಂದೆ ಯಾರೂ ನಿಂತಿರಲಿಲ್ಲ. ಎದುರಿಗಿದ್ದವಳು 11 ವರ್ಷದ ಮೊಮ್ಮಗಳು. ಮುಂಬಯಿಯಲ್ಲೇ ಹುಟ್ಟಿ ಬೆಳೆದವಳು. ಮಂತ್ರಿಗೆ 'ವಜೀರ್' ಎನ್ನುತ್ತಾಳೆ, ಆನೆಗೆ 'ಹತ್ತೀ' ಎನ್ನುತ್ತಾಳೆ.

ಪಂತ ಹೀಗಿತ್ತು: ನಾನು ಗೆದ್ದರೆ ಅವಳು ಧಾರವಾಡದ ಮುತ್ತಜ್ಜಿಗೆ ಕೈಯಾರೆ ಕನ್ನಡದಲ್ಲಿ ಒಂದು ಕಾಗದ ಬರೆಯಬೇಕು, ಅವಳು ಗೆದ್ದರೆ ನಾನು ಒಂದು ತಿಂಗಳು ಆ ಮಾತೆತ್ತಬಾರದು. ಮುತ್ತಜ್ಜಿಯೆಂದರೆ ನನ್ನ ತಾಯಿ. ವಯಸ್ಸು 90ರ ಹತ್ತಿರ. ಫೋನಿನ ಮಾತು ಅವಳಿಗೆ ಕೇಳಿಸುವುದಿಲ್ಲ. ಕಾಗದವಾದರೆ ಭೂತಗನ್ನಡಿ ಹಿಡಿದು ನಾಲ್ಕು ಸಲ ಓದುತ್ತಾಳೆ.

ಆಟ ನನ್ನ ಕೈಯಲ್ಲೇ ಇತ್ತು. ಹುಡುಗಿಯ ರಾಜ ಮೂರು ಕಾಲಾಳುಗಳ ಹಿಂದೆ ಬೆಚ್ಚಗೆ ಅವಿತಿದ್ದ. ಒಂದು ಕಾಲಾಳು ಒಂದು ಮನೆ ಸರಿದಿದ್ದರೂ ಅವನಿಗೆ ತಪ್ಪಿಸಿಕೊಳ್ಳಲು ಕಿಂಡಿಯಿರುತ್ತಿತ್ತು, ಸರಿದಿರಲಿಲ್ಲ. ನನ್ನ ಆನೆಯ ಮುಂದೆ ದಾರಿ ಖಾಲಿ. ಕೊನೆಯ ಸಾಲಿಗೆ ನೂಕಿದ್ದರೆ ಅಲ್ಲಿಗೇ ಚೆಕ್‌ಮೇಟ್. ನನಗೋ ಅವಳ ಮಂತ್ರಿಯ ಮೇಲೆ ಕಣ್ಣು. ಮಂತ್ರಿಯನ್ನು ಹಿಡಿಯಲೆಂದು ಕುದುರೆಯನ್ನು ಹಾರಿಸಿದೆ. ನನ್ನ ರಾಜನ ಪಕ್ಕದ ಮನೆಯನ್ನು ಕಾಯುತ್ತಿದ್ದುದೂ ಅದೇ ಕುದುರೆಯೇ! ಅವಳು ವಜೀರನನ್ನು ಆ ಮನೆಯಲ್ಲಿ ತಂದಿಟ್ಟಳು. ಆಟ ಮುಗಿಯಿತು.

ಸೋತವನು ದೊಡ್ಡವರ ಸೋಲುಗಳನ್ನು ನೆನೆದು ಸಮಾಧಾನ ಪಡುತ್ತಾನಷ್ಟೆ. ನನಗೆ ಮೊದಲು ನೆನಪಾದವನು ರಷ್ಯದ ಚಿಗೋರಿನ್. 1892ರಲ್ಲಿ ಹವಾನಾ ನಗರದಲ್ಲಿ ವಿಶ್ವ ಚಾಂಪಿಯನ್ ಸ್ಟೈನಿಟ್ಸನೊಡನೆ ಅವನ ಪಂದ್ಯ. 22 ಆಟಗಳು ಮುಗಿದಾಗ ಸ್ಟೈನಿಟ್ಸ್ 9 ಗೆದ್ದಿದ್ದ, ಚಿಗೋರಿನ್ 8. ಮೊದಲು 10 ಗೆದ್ದವನಿಗೆ ಪಟ್ಟ. 23ನೆಯ ಆಟದಲ್ಲಿ ಚಿಗೋರಿನನ ಕೈ ಮೇಲಾಗಿತ್ತು. ಗೆದ್ದಿದ್ದರೆ 9ಕ್ಕೆ 9. ಎದುರಾಳಿಯ ಎರಡು ಆನೆಗಳು ಅವನ ರಾಜನ ಮುಂದಿನ ಸಾಲಿಗೆ ನುಗ್ಗಿದ್ದರೂ ಒಂದು ಒಂಟೆ ದೂರದಿಂದಲೇ ಅಂಚಿನ ಕಾಲಾಳನ್ನು ಕಾಯುತ್ತಿತ್ತು. ಚಿಗೋರಿನ್ ಆ ಒಂಟೆಯನ್ನೇ ಎತ್ತಿ ಬೇರೆಡೆ ಇಟ್ಟ! ಆನೆ ಕಾಲಾಳನ್ನು ಹೊಡೆಯಿತು. ಮುಂದಿನ ನಡೆಗೆ ಚೆಕ್‌ಮೇಟ್ ತಪ್ಪದು. ಆಟವೂ ಹೋಯಿತು, ಪಟ್ಟವೂ ಹೋಯಿತು.

2006ರಲ್ಲಿ ಜರ್ಮನಿಯ ಬಾನ್ ನಗರದಲ್ಲಿ, ಆಗ ವಿಶ್ವ ಚಾಂಪಿಯನ್ ಆಗಿದ್ದ ಕ್ರಾಮ್ನಿಕ್ 'ಡೀಪ್ ಫ್ರಿಟ್ಜ್' ಎಂಬ ಕಂಪ್ಯೂಟರ್ ಆಟಗಾರನೆದುರು ತನ್ನ ಮಂತ್ರಿಯನ್ನು ನೆಮ್ಮದಿಯಾಗಿ ಸರಿಸಿದ. ಒಂದೇ ನಡೆಯಲ್ಲಿ ಚೆಕ್‌ಮೇಟ್ ಕಾದಿದ್ದುದು ಅವನಿಗೆ ಕಾಣಲಿಲ್ಲ, ಯಂತ್ರಕ್ಕೆ ಕಂಡಿತು. ನಮ್ಮ ಚೆನ್ನೈನ ಆನಂದರ ಸಂಗತಿ ಇನ್ನೊಂದು ಬಗೆಯದು. 2014ರಲ್ಲಿ ಸೋಚಿಯಲ್ಲಿ, ಅಂಕಗಳು ಸರಿಸಮವಾಗಿದ್ದಾಗ, ಆರನೆಯ ಆಟದಲ್ಲಿ ಕಾರ್ಲ್‌ಸನ್ ತನ್ನ ರಾಜನನ್ನು ತಪ್ಪು ಮನೆಗೆ ನಡೆಸಿದ. ಆನಂದ್ ಕುದುರೆಯಿಂದ ನಡುವಿನ ಕಾಲಾಳನ್ನು ಹೊಡೆದಿದ್ದರೆ ಆಟ ಅವರದಾಗುತ್ತಿತ್ತು. ಎದುರಾಳಿ ಅಂಥ ತಪ್ಪು ಮಾಡಿಯಾನೆಂದು ಎಣಿಸದೆ, ಅಂಚಿನ ಕಾಲಾಳನ್ನು ಮುಂದೆ ಸರಿಸಿ ಆಟ ಸೋತರು.

ಇವನ್ನೆಲ್ಲ ಮೊಮ್ಮಗಳಿಗೆ ವಿವರಿಸತೊಡಗಿದೆ. ಅವಳು ಅರ್ಧಕ್ಕೇ ತಡೆದು, "ಅಜ್ಜಾ, ನೀ ಹತ್ತೀ ಕಡೀ ಸಾಲಿಗೆ ಯಾಕ ಇಡಲಿಲ್ಲ? ನಾ ಆಗಲೇ ಸತ್ತಿದ್ದೆ" ಎಂದಳು. ಅವಳಿಗೆ ಎಲ್ಲವೂ ಕಂಡಿತ್ತು. ಉಸಿರು ಬಿಗಿ ಹಿಡಿದು ಕುಳಿತಿದ್ದಳಂತೆ!

ಪಂತದಂತೆ ಬಾಯಿ ಮುಚ್ಚಿಕೊಂಡಿದ್ದೇನೆ. ನಿನ್ನೆ ರಾತ್ರಿ ಅವ್ವನಿಗೆ ನಾನೇ ಕಾಗದ ಬರೆಯಲು ಕುಳಿತೆ. ಸೋತ ಸುದ್ದಿಯನ್ನೂ ಬರೆದೆ. ಬೆನ್ನ ಹಿಂದೆ ನಿಂತು ಅಕ್ಷರ ಕೂಡಿಸಿಕೊಂಡು ಓದುತ್ತಿದ್ದವಳು, "ಹಿಂಗ ಬರದರ ಮುತ್ತಜ್ಜಿಗೆ ತಿಳೀದಿಲ್ಲ" ಎಂದು ಪೆನ್ನು ಕಸಿದುಕೊಂಡಳು. ಕಾಗದದ ಕೆಳಗೆ 64 ಮನೆಗಳ ಮಣೆಯನ್ನು ಬರೆದು, ನನ್ನ ತಪ್ಪು ಕಾಣುವಂತೆ ಕಾಯಿಗಳನ್ನು ಗುರುತಿಸಿದಳು. ರಾಜನಿಗೆ 'ರಾ', ಕುದುರೆಗೆ 'ಕು', ಆನೆಗೆ ಸ್ವಲ್ಪ ಯೋಚಿಸಿ 'ಆ'. ವಜೀರನನ್ನು ಮಾತ್ರ 'ವ' ಎಂದೇ ಬರೆದಿದ್ದಾಳೆ. ನಾನು ತಿದ್ದಲಿಲ್ಲ.