ಪವನ ವಿದ್ಯುತ್ ಮತ್ತು ಕಾರ್ಬನ್ ಕ್ರೆಡಿಟ್: ರೈತರು ಅರಿಯಬೇಕಾದ ಲೆಕ್ಕ

ಚಿತ್ರದುರ್ಗ, ಗದಗ, ಕೊಪ್ಪಳ ಮತ್ತು ವಿಜಯನಗರ ಜಿಲ್ಲೆಗಳಲ್ಲಿ ಗಾಳಿಯಂತ್ರಗಳು ಇಂದು ಸಾಮಾನ್ಯ ನೋಟವಾಗಿವೆ. ಯಂತ್ರಕ್ಕೆ ಜಮೀನು ಗುತ್ತಿಗೆ ನೀಡಿದ ರೈತರಲ್ಲಿ, ಅದರ ಕಾರ್ಬನ್ ಕ್ರೆಡಿಟ್‌ನಲ್ಲಿ ತಮಗೂ ಪಾಲಿದೆಯೇ ಎಂಬ ಪ್ರಶ್ನೆ ಮೂಡುವುದು ಸಹಜ. ಭತ್ತ, ತೋಟಗಾರಿಕೆ ಹಾಗೂ ಕೃಷಿ ಅರಣ್ಯ ಬೆಳೆಗಾರರ ಬಳಿಗೂ ಈ ಹೆಸರಿನ ಕರಾರು ಪತ್ರಗಳು ಬರತೊಡಗಿವೆ. ಸಹಿ ಮಾಡುವ ಮುನ್ನ ವಿಷಯದ ಮೂಲವನ್ನು ತಿಳಿಯುವುದು ಒಳಿತು.

ದೇಶದ ಲೆಕ್ಕ

ಪ್ಯಾರಿಸ್ ಒಪ್ಪಂದದಡಿ ಭಾರತವು 2022ರಲ್ಲಿ ನೀಡಿದ ವಚನದಂತೆ, ಆಂತರಿಕ ಉತ್ಪನ್ನದ ಪ್ರತಿ ಘಟಕಕ್ಕೆ ಹೊರಸೂಸುವ ಹಸಿರುಮನೆ ಅನಿಲವನ್ನು 2005ರ ಮಟ್ಟಕ್ಕಿಂತ ಶೇ. 45ರಷ್ಟು 2030ರೊಳಗೆ ತಗ್ಗಿಸಬೇಕು. 2020ರ ರಾಷ್ಟ್ರೀಯ ಲೆಕ್ಕದಂತೆ ಹೊರಸೂಸುವಿಕೆಯ ಸುಮಾರು ಶೇ. 76ರಷ್ಟು ಇಂಧನ ಕ್ಷೇತ್ರದಿಂದ ಬಂದರೆ, ಕೃಷಿಯ ಪಾಲು ಸುಮಾರು ಶೇ. 14. ಆದುದರಿಂದ ಕಲ್ಲಿದ್ದಲು ವಿದ್ಯುತ್ತಿನ ಬದಲಿ ವ್ಯವಸ್ಥೆಗೆ ಹೆಚ್ಚಿನ ಮಹತ್ವ.

2 ಮೆಗಾವ್ಯಾಟ್ ಯಂತ್ರವೊಂದು ವರ್ಷದಲ್ಲಿ ತನ್ನ ಸಾಮರ್ಥ್ಯದ ಶೇ. 30ರಷ್ಟು ದುಡಿದರೆ ಸುಮಾರು 52 ಲಕ್ಷ ಯೂನಿಟ್ ವಿದ್ಯುತ್ ದೊರೆಯುತ್ತದೆ. ನಮ್ಮ ಜಾಲದ ಪ್ರತಿ ಸಾವಿರ ಯೂನಿಟ್ಟಿಗೆ ಸರಾಸರಿ 0.7 ಟನ್ ಇಂಗಾಲದ ಡೈಆಕ್ಸೈಡ್ ಎಂದು ಹಿಡಿದರೆ, ವರ್ಷಕ್ಕೆ ಸುಮಾರು 3,600 ಟನ್ ಉಳಿತಾಯ. ಆದರೆ ಮುಂಗಾರಿನಲ್ಲಿ ಬಿರುಸಾಗಿರುವ ಗಾಳಿ, ಪಂಪ್‌ಸೆಟ್‌ಗಳಿಗೆ ವಿದ್ಯುತ್ ಹೆಚ್ಚು ಬೇಕಾಗುವ ಬೇಸಿಗೆಯಲ್ಲಿ ಕ್ಷೀಣಿಸುತ್ತದೆ. ಸೌರ ವಿದ್ಯುತ್ ಮತ್ತು ಶೇಖರಣೆ ಜೊತೆಗೂಡಿದರೆ ಮಾತ್ರ ಕಲ್ಲಿದ್ದಲಿನ ಅವಲಂಬನೆ ತಗ್ಗೀತು.

ಕ್ರೆಡಿಟ್ ಎಂದರೇನು?

ಒಂದು ಕ್ರೆಡಿಟ್ ಎಂದರೆ ಒಂದು ಟನ್ ಇಂಗಾಲದ ಡೈಆಕ್ಸೈಡ್‌ಗೆ ಸಮನಾದ ಕಡಿತ. ಅನಿಲ ತಗ್ಗಿಸುವುದು ಯಂತ್ರ; ಕ್ರೆಡಿಟ್ ಆ ಕಡಿತದ ಹಕ್ಕುಪತ್ರ ಮಾತ್ರ. ಅದನ್ನು ಕೊಂಡವರು ತಮ್ಮ ಹೊಗೆಗೆ ಎದುರಾಗಿ ಅದನ್ನು ತೋರಿಸಿಕೊಳ್ಳುತ್ತಾರೆ. ಹಾಗಾಗಿ ಒಂದೇ ಕಡಿತವನ್ನು ಇಬ್ಬರು ಎಣಿಸಬಾರದು. ವಿದೇಶಕ್ಕೆ ವಿಧಿವತ್ತಾಗಿ ವರ್ಗಾಯಿಸಿದ ಕಡಿತವನ್ನು ಭಾರತ ತನ್ನ ಲೆಕ್ಕಕ್ಕೆ ಸೇರಿಸಲಾಗದು. ಈ ವರ್ಗಾವಣೆಗೆಂದು ಕೇಂದ್ರ ಸರ್ಕಾರ 2023ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ಕಡಲ ಪವನ ವಿದ್ಯುತ್ತಿಗೆ ಸ್ಥಾನವಿದೆ, ನೆಲದ ಮೇಲಿನ ಸಾಮಾನ್ಯ ಪವನ ಯೋಜನೆಗಿಲ್ಲ.

ಕ್ರೆಡಿಟ್ ಹಣವಿಲ್ಲದಿದ್ದರೆ ಯೋಜನೆ ನಡೆಯುತ್ತಿರಲಿಲ್ಲ ಎಂಬುದೂ ಸಿದ್ಧವಾಗಬೇಕು. ಪವನ ವಿದ್ಯುತ್ ತಾನಾಗಿಯೇ ಲಾಭದಾಯಕವಾದ ಕಡೆ ಈ ವಾದ ನಿಲ್ಲದು. ಸ್ವಯಂಪ್ರೇರಿತ ಮಾರುಕಟ್ಟೆಯ ಗುಣಮಟ್ಟ ನಿಗದಿಪಡಿಸುವ ಅಂತರರಾಷ್ಟ್ರೀಯ ಮಂಡಳಿಯು 2024ರಲ್ಲಿ ನವೀಕರಿಸಬಹುದಾದ ಇಂಧನದ ಹಳೆಯ ಪದ್ಧತಿಗಳಿಗೆ ತನ್ನ ಮುದ್ರೆಯನ್ನು ನಿರಾಕರಿಸಿತು.

ರೈತರ ಪಾಲು

ಪವನ ಯೋಜನೆಯ ಕ್ರೆಡಿಟ್ ಯೋಜನೆ ನಡೆಸುವವರ ಹೆಸರಿಗೆ ಬರುತ್ತದೆ. ಗುತ್ತಿಗೆ ಪತ್ರದಲ್ಲಿ ಪಾಲು ಬರೆದಿರದಿದ್ದರೆ ಜಮೀನು ಮಾಲೀಕರು ಅದನ್ನು ನೆಚ್ಚಿಕೊಳ್ಳಬಾರದು. ಗುತ್ತಿಗೆ ದರವನ್ನೇ ಚೌಕಾಸಿಯಿಂದ ಭದ್ರಪಡಿಸಿಕೊಳ್ಳಬೇಕು.

ಭತ್ತದ ಗದ್ದೆಯಲ್ಲಿ ನೀರನ್ನು ಆಗಾಗ ಆರಿಸಿ ಕಟ್ಟುವ ಪದ್ಧತಿಯಿಂದ ಮೀಥೇನ್ ತಗ್ಗುತ್ತದೆ. ದಕ್ಷಿಣ ಏಷ್ಯಾಕ್ಕೆ ಬಳಸುವ ಅಂತರರಾಷ್ಟ್ರೀಯ ಗುಣಾಂಕಗಳಂತೆ 120 ದಿನಗಳ ಬೆಳೆಗೆ ಲೆಕ್ಕ ಹಾಕಿದರೆ, ಎಕರೆಗೆ ಅಂದಾಜು ಅರ್ಧ ಟನ್ ಕಡಿತ, ಅಂದರೆ ಎರಡು ಎಕರೆಗೆ ಒಂದು ಕ್ರೆಡಿಟ್. ಅಳತೆ, ಪರಿಶೀಲನೆ ಹಾಗೂ ಮಧ್ಯವರ್ತಿಯ ಖರ್ಚು ಕಳೆದು ಉಳಿಯುವುದು ಅಲ್ಪ. ಉಳಿಯುವ ನೀರೇ ರೈತರ ನಿಜವಾದ ಲಾಭ. ಕ್ರೆಡಿಟ್ ಹಣ ಮೇಲುಸಂಪಾದನೆ ಮಾತ್ರ.

ಸಹಿಗೆ ಮುನ್ನ ಕೇಳಬೇಕಾದ ಪ್ರಶ್ನೆಗಳು

1. ಕರಾರು ಎಷ್ಟು ವರ್ಷದ್ದು? ನಡುವೆ ಹೊರಬರಲು ಅವಕಾಶವಿದೆಯೇ?
2. ಮಾರಾಟದ ಹಣದಲ್ಲಿ ರೈತರ ಪಾಲು ಖರ್ಚು ಕಳೆಯುವ ಮುನ್ನವೋ, ನಂತರವೋ?
3. ಮರ ಒಣಗಿದರೆ, ಬೆಳೆ ಬದಲಿಸಿದರೆ ಅಥವಾ ಜಮೀನು ಮಾರಿದರೆ ಹೊಣೆ ಯಾರದು?
4. ಅದೇ ಜಮೀನು ಬೇರೆ ಯೋಜನೆಯಲ್ಲಿ ನೋಂದಣಿಯಾಗಿದೆಯೇ?
5. ಕರಾರು ಕನ್ನಡದಲ್ಲಿದೆಯೇ? ಪ್ರತಿ ನಿಮ್ಮ ಕೈ ಸೇರುವುದೇ?

ನೋಂದಣಿಗೆಂದು ಮುಂಗಡ ಹಣ ಕೇಳಿದರೆ ಕೊಡಬೇಡಿ. ವಿಸ್ತರಣಾ ಕಾರ್ಯಕರ್ತರು ಗ್ರಾಮಸಭೆಗಳಲ್ಲಿ ಈ ಪ್ರಶ್ನೆಗಳನ್ನು ಓದಿ ಹೇಳುವುದು ಸೂಕ್ತ. ಸಂಶಯವಿದ್ದಲ್ಲಿ ಕರಾರಿನ ಪ್ರತಿಯೊಂದಿಗೆ ಸಮೀಪದ ಕೃಷಿ ವಿಜ್ಞಾನ ಕೇಂದ್ರ ಅಥವಾ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಬಹುದು.