ಗೂಟದಲ್ಲಿದ್ದ ಹೆಲ್ಮೆಟ್ಟು, ಡಬ್ಬಿಯಲ್ಲಿದ್ದ ಕಾಫಿಪುಡಿ

“ಇಲ್ಲೇ ಸರ್ಕಲ್ಲಿಗೆ ಹೋಗಿ ಕೊತ್ತಂಬರಿ ಸೊಪ್ಪು ತರೋದಕ್ಕೂ ಅದು ಬೇಕೇನತ್ತಿಗೆ?” ಎಂದು ನಮ್ಮ ಮೈದುನ ಹೆಲ್ಮೆಟ್ಟನ್ನು ಗೂಟದಲ್ಲೇ ಬಿಟ್ಟು ಹೊರಟ. ಕಾಲು ಗಂಟೆಯಲ್ಲಿ ಇಬ್ಬರು ಹಿಡಿದುಕೊಂಡು ಬಂದರು. ನಾಯಿ ಅಡ್ಡ ಬಂದು ಸ್ಕೂಟರು ಉರುಳಿತ್ತಂತೆ. ಮೊಣಕಾಲು ತರಚಿ, ತಲೆ ಸೀಳಿ, ಅಂಗಿಯೆಲ್ಲಾ ರಕ್ತ.

ಅತ್ತೆಯವರು ಒಳಗೆ ಓಡಿ ಕಾಫಿಪುಡಿ ತಂದು ಗಾಯಕ್ಕೆ ಮೆತ್ತಿದರು. ನಾನೂ ತಡೆಯಲಿಲ್ಲ ಸೋದರಿಯರೆ, ನನ್ನ ತೌರಿನಲ್ಲೂ ಅದೇ ರೂಢಿ. ರಕ್ತವೇನೂ ನಿಲ್ಲಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಹೊಲಿಗೆ ಹಾಕುವ ಮೊದಲು ಆ ಪುಡಿಯನ್ನೆಲ್ಲ ತೊಳೆದು ತೆಗೆಯಬೇಕಾಯಿತು. ಅವನು ಕಿರುಚುತ್ತಿದ್ದರೆ ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ತಲೆಯ ಚರ್ಮದಲ್ಲಿ ರಕ್ತನಾಳಗಳು ಹೆಚ್ಚು, ಸಣ್ಣ ಗಾಯಕ್ಕೂ ಧಾರೆಯಾಗಿ ಸುರಿಯುತ್ತದೆ. ಒಗೆದ ಹತ್ತಿಬಟ್ಟೆ ಮಡಿಸಿ 10 ನಿಮಿಷ ಬಿಡದೆ ಒತ್ತಿ ಹಿಡಿಯಬೇಕಿತ್ತಂತೆ, ಅಷ್ಟೆ. ನಿಂತಿತೇ ಎಂದು ಎತ್ತೆತ್ತಿ ನೋಡಬಾರದು. ಬಟ್ಟೆ ನೆನೆದರೆ ಅದರ ಮೇಲೇ ಇನ್ನೊಂದು. ಮೂಳೆ ತಗ್ಗಾದಂತೆ ಕಂಡರೆ ಮಾತ್ರ ಅಲ್ಲಿ ಒತ್ತಕೂಡದು. ಮನೆಗೆ ಬಂದ ಮೇಲೆ ವಾಂತಿ, ಮಂಪರು, ತೊದಲು ಏನು ಕಂಡರೂ ರಾತ್ರಿಯಾದರೂ ಸರಿ, ಮರಳಿ ಕರೆತನ್ನಿ ಎಂದರು. ಧನುರ್ವಾಯುವಿನ ಚುಚ್ಚುಮದ್ದೂ ಆಯಿತು.

ಮೊಣಕಾಲಿನ ಪಟ್ಟಿ ಬದಲಿಸುವ ಕೆಲಸ ನನ್ನದು. ಮೊದಲ ದಿನ ಅಂಟಿಕೊಂಡ ಬಟ್ಟೆಯನ್ನು ಎಳೆದೇಬಿಟ್ಟೆ, ಹೊಸ ಚರ್ಮವೂ ಕಿತ್ತು ಬಂತು! ಕುದಿಸಿ ಆರಿಸಿದ ನೀರಿನಲ್ಲಿ ನೆನೆಸಿ ಬಿಡಿಸಬೇಕು. ಬರಿಯ ಹತ್ತಿಯನ್ನಂತೂ ಗಾಯದ ಮೇಲಿಡಬೇಡಿ, ಎಳೆಗಳು ಒಳಗೇ ಉಳಿಯುತ್ತವೆ. ಗಾಳಿಗೆ ಬಿಟ್ಟರೆ ಬೇಗ ಮಾಯುತ್ತದೆ ಅನ್ನುತ್ತೇವಲ್ಲ, 1962ರಲ್ಲೇ ಜಾರ್ಜ್ ವಿಂಟರ್ ಎಂಬಾತ ಹಂದಿಗಳ ಮೇಲೆ ಪರೀಕ್ಷಿಸಿ, ಮುಚ್ಚಿ ತೇವವಾಗಿಟ್ಟ ಗಾಯಕ್ಕೇ ಚರ್ಮ ಬೇಗ ಕೂಡುತ್ತದೆಂದು ತೋರಿಸಿದ್ದಾನೆ.

ಇನ್ನು ಹೆಲ್ಮೆಟ್ಟು. ಐ.ಎಸ್.ಐ. ಗುರುತು ನೋಡಿ ಕೊಳ್ಳಿ, ಗಲ್ಲದ ಪಟ್ಟಿ ಬಿಗಿಯಿರಿ. ಒಳಗಿನ ಥರ್ಮೊಕೋಲಿನಂಥದ್ದು ತಾನು ನಜ್ಜಾಗಿ ತಲೆ ಉಳಿಸುತ್ತದೆ, ಆದ್ದರಿಂದ ಜೋರಾಗಿ ಪೆಟ್ಟು ತಿಂದದ್ದನ್ನು ಮತ್ತೆ ಹಾಕಬಾರದು. ನಮ್ಮ ರಾಜ್ಯದಲ್ಲಿ 2016ರಿಂದ ಹಿಂದೆ ಕೂರುವವರಿಗೂ ಕಡ್ಡಾಯ. ಮುಡಿದ ಹೂ ಬಾಡುತ್ತದೆಂದು ನಾನೇ ಎಷ್ಟು ಸಲ ಕೈಯಲ್ಲಿ ಹಿಡಿದು ಕೂತಿದ್ದೇನೋ!

ಈಗ ಅತ್ತೆಯವರೇ ಬಾಗಿಲಲ್ಲಿ ನಿಂತು ಮಗ ಪಟ್ಟಿ ಬಿಗಿದನೇ ಎಂದು ನೋಡುತ್ತಾರೆ. ಕಾಫಿಪುಡಿಯ ವಿಷಯದಲ್ಲಿ ಮಾತ್ರ ಇನ್ನೂ ಒಪ್ಪಿಲ್ಲ.